ಸೊಪ್ಪು ಕಣ್ಣಾದ ಬಗೆ

ಮನೋಳಿ, ಗುರುವಾರ, ೪ ಫೆಬ್ರವರಿ ೧೯೦೯

ಇಂದು ಮೂರನೇ ಇಯತ್ತೆಗೆ ‘ಆಹಾರ’ದ ಪಾಠ ಮುಗಿಸಿದೆ. ಬರುವ ತಿಂಗಳು ತಪಾಸಣೆಗೆ ಸಾಹೇಬರು ಬರುತ್ತಾರೆ, ಅಷ್ಟರೊಳಗೆ ಪುಸ್ತಕವೆಲ್ಲ ಹುಡುಗರ ಬಾಯಲ್ಲಿರಬೇಕು. ಒಲೆಗೆ ಕಟ್ಟಿಗೆ ಹೇಗೋ ಹೊಟ್ಟೆಗೆ ಅನ್ನ ಹಾಗೆ, ಉರಿದಷ್ಟು ಹೊತ್ತು ಮೈ ಬಿಸಿ ಎಂದು ಮೂರು ಸಲ ಹೇಳಿಸಿದೆ. ಹಿಂದಿನ ಸಾಲಿನಿಂದ ಯಾರೋ, “ಮಾಸ್ತರ್ರ, ಒಲ್ಯಾಗ ಬೂದಿ ಆಗತದ. ಹೊಟ್ಟ್ಯಾಗ ಕೂದಲಾ, ಉಗರಾ ಹ್ಯಾಂಗ ಆಗತಾವ್ರಿ?” ಎಂದರು. ಯಾರೆಂದು ತಿಳಿಯಲಿಲ್ಲ. ಆದ್ದರಿಂದ ಇಡೀ ಸಾಲಿಗೆ ಒಂದೊಂದು ಛಡಿ ಏಟು ಕೊಟ್ಟೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಕೆಂಚವ್ವ ಚೇತರಿಸಿಕೊಂಡಿದ್ದಾಳೆ. ಏಳು ವರ್ಷದ ಮಗಳು, ನಮಗಿರುವವಳು ಅವಳೊಬ್ಬಳೇ. ದೀಪಾವಳಿಯ ನಂತರ ಭೇದಿಯಾಗಿ ಕೈಬಿಟ್ಟೇ ಹೋಗಿದ್ದಳು. ಉಳಿಸಿದ್ದು ನನ್ನ ಪಥ್ಯ. ಅಡಿಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟಿದ್ದೇನೆ: ಮೂರು ಹೊತ್ತು ಅನ್ನದ ಗಂಜಿ, ಬೆಣ್ಣೆ ತೆಗೆದ ನೀರುಮಜ್ಜಿಗೆ. ಅದರ ಕೆಳಗೆ, ‘ಕೂಡದು’ ಎಂಬ ಶಬ್ದದಡಿ, ರೊಟ್ಟಿ, ಹಾಲು, ತುಪ್ಪ, ಎಣ್ಣೆ, ಸೊಪ್ಪು. ಹೆಂಡತಿ ಶಟ್ಟೆವ್ವನಿಗೆ ಓದಲು ಬಾರದು, ಆದರೂ ಆ ಗೋಡೆಯನ್ನು ಕಂಡರೆ ಅವಳಿಗೆ ಅಳುಕು.

ಈ ಜೋಳದ ಸೀಮೆಯಲ್ಲಿ ಅನ್ನವೆಂದರೆ ಹಬ್ಬದ ಊಟ. ನನ್ನ ಮಗಳು ದಿನಾ ಉಣ್ಣುತ್ತಾಳೆ. ಸರ್ಕಾರಿ ಸಂಬಳದ ಮನೆಯೆಂದರೆ ಸುಮ್ಮನೆಯೇ?

ಮಂಗಳವಾರ, ೯ ಫೆಬ್ರವರಿ

ಕೆಂಚವ್ವ ಹೊಸ ಕೊಡ ಒಡೆದಳು. ಹೊಸ್ತಿಲು ಎಡವಿ ಬಿದ್ದಳು. “ಕಣ್ಣ ಎಲ್ಲಿಟ್ಟಿದ್ದಿ?” ಎಂದೆ. “ಕತ್ತಲ ಆಗಿತ್ರಿ ಅಪ್ಪಾ” ಎಂದಳು. ಕತ್ತಲೆಲ್ಲಿಂದ ಬರಬೇಕು? ಪಡುವಣ ಇನ್ನೂ ಕೆಂಪಗಿತ್ತು, ಬೇವಿನ ಮರದ ಗಿಳಿಗಳನ್ನು ನಾನು ಒಂದೊಂದಾಗಿ ಎಣಿಸಬಹುದಿತ್ತು. ಎರಡು ಏಟು ಕೊಟ್ಟೆ. ಒಂದು ಕೊಡಕ್ಕೆ, ಇನ್ನೊಂದು ಸುಳ್ಳಿಗೆ.

ಶುಕ್ರವಾರ, ೧೨ ಫೆಬ್ರವರಿ

ಪೆಟ್ಟಿನ ಫಲ ಕಾಣುತ್ತಿದೆ. ಹೊತ್ತು ಇಳಿಯುವ ಮುಂಚೆಯೇ ಕೆಂಚವ್ವ ಕಂಬಕ್ಕೆ ಒರಗಿ ಕೂತುಬಿಡುತ್ತಾಳೆ, ಮಲಗುವ ತನಕ ಏಳುವುದಿಲ್ಲ. ಓಣಿಯ ಮಕ್ಕಳು ಆಟಕ್ಕೆ ಕರೆದರೂ ಇಲ್ಲ. ಶಟ್ಟೆವ್ವ, “ಹುಡುಗಿ ಅಂಜೇತ್ರಿ” ಎನ್ನುತ್ತಾಳೆ. ಅಂಜಿಕೆಯಲ್ಲ, ಶಿಸ್ತು.

ಶುಕ್ರವಾರ, ೧೯ ಫೆಬ್ರವರಿ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಸಾಹೇಬರನ್ನು ಸವದತ್ತಿಯಿಂದ ಕರೆತರಲು ಗಾಡಿ ಬೇಕಿತ್ತು. ಸಂಜೆ ಕೆಂಚವ್ವನ ಕೈ ಹಿಡಿದುಕೊಂಡು ಹಿತ್ತಲಾಚೆಯ ಹಜರತಸಾಬನಲ್ಲಿಗೆ ಹೋದೆ. ದನದ ವ್ಯಾಪಾರಿ. ನಲವತ್ತು ವರ್ಷ ಸಂತೆಯಿಂದ ಸಂತೆಗೆ ಎತ್ತು ಹೊಡೆದುಕೊಂಡು ತಿರುಗಿದವನು. ಅಕ್ಷರ ಬಾರದು. ಅಂಗಳದಲ್ಲಿ ಮೊಣಕಾಲಿನ ಎತ್ತರಕ್ಕೆ ಒಂದು ಹಗ್ಗ ಅಡ್ಡ ಕಟ್ಟಿ, ಕೊಳ್ಳಲಿರುವ ಎತ್ತುಗಳನ್ನು ಅದರತ್ತ ನಡೆಸುತ್ತಿದ್ದ. ಎತ್ತುಗಳು ಹಗ್ಗದ ಮುಂದೆ ನಿಂತವು, ಮೂಸಿದವು, ಕಾಲೆತ್ತಿ ದಾಟಿದವು. ಅವನ ಹೆಂಡತಿ ಖತಿಜಾಬಿ ನುಗ್ಗೆಯ ಮರದ ಕೆಳಗಿನಿಂದ ಕೆಂಚವ್ವನನ್ನು ಕರೆದಳು. ಇವಳು ನನ್ನ ಕೈ ಬಿಡಿಸಿಕೊಂಡು ದನಿಯತ್ತ ನೆಟ್ಟಗೆ ನಡೆದು ಹಗ್ಗಕ್ಕೆ ತೊಡರಿ ಬೋರಲು ಬಿದ್ದಳು.

ನಾನು ಬೈಯಲು ಬಾಯಿ ತೆರೆದೆ. ಹಜರತಸಾಬ ಕೈ ಅಡ್ಡ ಮಾಡಿದ.

“ಮಾಸ್ತರ್ರ, ಎತ್ತ ನಿಂತ್ವು. ನಿಮ್ಮ ಮಗಳ ನಿಂದರಲಿಲ್ಲ.”

“ಲಕ್ಷ್ಯ ಇಲ್ಲ ಆಕಿಗೆ” ಎಂದೆ.

“ಲಕ್ಷ್ಯ ಅಲ್ರಿ. ಜ್ವಾಳದ ಒಣ ಕಣಿಕಿ ಒಂದ ತಿಂದ ದನಾ ಬ್ಯಾಸಗ್ಯಾಗ ಸಂಜೀಕ ಕುರುಡ ಆಗತಾವ. ಹಗಲ ನೋಡಿದ್ರ ಏನೂ ಗೊತ್ತಾಗೂದಿಲ್ಲ, ಕಣ್ಣ ಮಿಣಿಮಿಣಿ ಮಿಂಚತಾವ. ಅದಕ್ಕ ನಾ ಹೊತ್ತ ಮುಳಗೂ ಮುಂದ ಹಗ್ಗಾ ಕಟ್ಟತೇನಿ. ಹಗ್ಗಾ ದಾಟದ ಎತ್ತ ಕೊಳ್ಳೂದಿಲ್ಲ. ಹುಡುಗಿ ಏನ ಉಣ್ಣತೈತ್ರಿ?”

“ಅನ್ನ” ಎಂದೆ. ರೂಢಿಯಂತೆ ಎದೆ ಉಬ್ಬಿಸಿಯೇ ಹೇಳಿದೆ.

“ಅನ್ನಾ ಅಷ್ಟ? ಎಷ್ಟ ದಿನಾ ಆತ್ರಿ?”

“ಮೂರು ತಿಂಗಳು.”

ಅವನು ಕೆಂಚವ್ವನನ್ನು ಎಬ್ಬಿಸಿ ನಿಲ್ಲಿಸುತ್ತ, “ಅದೂ ಕಣಿಕಿನ ಆತಲ್ರಿ ಮಾಸ್ತರ್ರ. ಬೆಳ್ಳನ್ನ ಕಣಿಕಿ” ಎಂದ.

ಒಣ ಜೋಳದ ದಂಟಿಗೂ ನಾನು ಬೈಲಹೊಂಗಲದ ಪೇಟೆಯಿಂದ ತರಿಸುವ ಅಕ್ಕಿಗೂ ಹೋಲಿಕೆ! ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಂಥ ದನಗಳಿಗೆ ಮುಂದೆ ಏನಾಗುತ್ತದೆ ಎಂದು ಕೇಳಿದೆ. ಹಸಿರು ಹಾಕಿದರೆ ಕಣ್ಣು ತಿರುಗಿ ಬರುತ್ತವೆ ಎಂದ. ತಡವಾದರೆ? ಅವನು ಅಂಗಳದ ಮೂಲೆಗೆ ಬೆರಳು ತೋರಿಸಿದ. ಅಲ್ಲೊಂದು ಮುದಿ ಆಕಳು ನಿಂತಿತ್ತು. ಅದರ ಎರಡೂ ಕಣ್ಣು ಬೆಂದ ಅಕ್ಕಿಯ ಹಾಗೆ ಬೆಳ್ಳಗಿದ್ದವು.

ಶನಿವಾರ, ೨೦ ಫೆಬ್ರವರಿ

ಬೆಳಗಿನ ಬಿಸಿಲಿನಲ್ಲಿ ಕೆಂಚವ್ವನ ಕಣ್ಣು ನೋಡಿದೆ. ಮೂರು ತಿಂಗಳಲ್ಲಿ ಅವಳ ನಾಲಗೆ ನೋಡಿದ್ದೇನೆ, ಹೊಟ್ಟೆ ಮುಟ್ಟಿ ನೋಡಿದ್ದೇನೆ, ಕಣ್ಣು ನೋಡಿರಲಿಲ್ಲ. ಬಿಳಿಗುಡ್ಡೆಯಲ್ಲಿ ಹಸಿತನವಿಲ್ಲ. ಎರಡು ಕಣ್ಣಿನ ಅಂಚಿನಲ್ಲೂ ಸಾಬೂನಿನ ನೊರೆ ಒಣಗಿದಂಥ ಕಲೆ.

ಬಾಡಿಗೆ ಗಾಡಿಯಲ್ಲಿ ಸವದತ್ತಿಯ ದವಾಖಾನೆಗೆ ಕರೆದೊಯ್ದೆ. ಡಾಕ್ಟರರು ಪ್ಲೇಗಿನ ಕೆಲಸದ ಮೇಲೆ ಹುಬ್ಬಳ್ಳಿ ಕಡೆ ಹೋಗಿದ್ದಾರಂತೆ, ಬರುವುದು ಯುಗಾದಿಯ ನಂತರ. ಅಷ್ಟು ದಿನ ಆ ಕಲೆ ಕಾಯುತ್ತದೆಯೇ?

ತಿರುಗಿ ಬರುವಾಗ ಗಾಡಿಯಲ್ಲಿ ಕೊಡದ ಮಾತು ತೆಗೆದೆ. “ಅವತ್ತ ನಿಂದೇನೂ ತಪ್ಪ ಇರಲಿಲ್ಲವ್ವಾ” ಎಂದೆ. “ಗೊತ್ತೈತ್ರಿ” ಎಂದಳು. ಅಷ್ಟೇ. ಮಗುವಿಗೆ ಹೊಡೆದ ಕೈ ಇದು, ಇದರಿಂದಲೇ ಈಗ ಬರೆಯುತ್ತಿದ್ದೇನೆ. ನನಗೆ ನನ್ನ ಮೇಲೆ ಹೇಸಿಗೆಯಾಗಿದೆ.

ಮನೆಗೆ ಬಂದು ಗೋಡೆಯ ಮೇಲಿನ ‘ಸೊಪ್ಪು’ ಎಂಬುದನ್ನು ಅಳಿಸಿದೆ. ಉಳಿದವು ಇರಲಿ. ಎಣ್ಣೆ, ತುಪ್ಪ ಬಿದ್ದರೆ ಭೇದಿ ತಿರುಗಿ ಬಂದೀತು. ಕಣ್ಣು ಉಳಿಸಲು ಹೋಗಿ ಜೀವ ಕಳೆದುಕೊಳ್ಳಲೇ?

ಮಂಗಳವಾರ, ೨೩ ಫೆಬ್ರವರಿ

ದಿನಾ ಬೆಳಿಗ್ಗೆ ಮಲಪ್ರಭೆಯ ದಂಡೆಯ ತೋಟಗಳಿಗೆ ಹೋಗಿ ರಾಜಗಿರಿ, ಮೆಂತ್ಯೆ ಕಿತ್ತು ತರುತ್ತಿದ್ದೇನೆ. ನುಗ್ಗೆಯ ಸೊಪ್ಪನ್ನು ಖತಿಜಾಬಿ ಹಿತ್ತಲ ಗೋಡೆಯ ಮೇಲಿನಿಂದ ಕೊಡುತ್ತಾಳೆ. ಶಟ್ಟೆವ್ವ ನೀರಿನಲ್ಲಿ ಬೇಯಿಸಿ ಉಪ್ಪು ಹಾಕಿ ಕೊಡುತ್ತಾಳೆ. ಮಗು ಮುಖ ಸಿಂಡರಿಸಿ ನುಂಗುತ್ತದೆ. ರುಮಾಲು ಸುತ್ತಿದ ಮಾಸ್ತರ ತೋಟದ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಸೊಪ್ಪು ಕೀಳುವುದನ್ನು ನನ್ನ ಶಾಲೆಯ ಮಕ್ಕಳೆಲ್ಲ ನೋಡಿದರು. ನೋಡಲಿ.

ಸೊಪ್ಪು ಕೀಳುತ್ತ ಒಂದು ವಿಷಯ ತಲೆಗೆ ಹತ್ತಿತು. ಒಂದೇ ಎರೆಮಣ್ಣು, ಒಂದೇ ನದಿಯ ನೀರು. ಒಂದು ಮಡಿಯಲ್ಲಿ ಮೆಣಸಿನಕಾಯಿ ಖಾರವಾಗುತ್ತಿದೆ, ಅದರ ಬದಿಗೇ ಹಾಗಲ ಕಹಿಯಾಗುತ್ತಿದೆ, ನಾಲ್ಕು ಹೆಜ್ಜೆಯಾಚೆ ಕಬ್ಬು ಸಿಹಿಯಾಗುತ್ತಿದೆ. ಮಣ್ಣನ್ನು ನಾಲಗೆಯ ಮೇಲಿಟ್ಟು ನೋಡಿದೆ. ಖಾರವಿಲ್ಲ, ಕಹಿಯಿಲ್ಲ, ಸಿಹಿಯಿಲ್ಲ. ಬೇರಿಗೆ ಬಾಯಿಲ್ಲ, ಹಲ್ಲಿಲ್ಲ, ನನ್ನ ಪುಸ್ತಕದ ಒಲೆಯೂ ಇಲ್ಲ. ತನಗೆ ಬೇಕಾದುದನ್ನು ಆ ಕತ್ತಲಲ್ಲಿ ಅದು ಹೇಗೆ ಆರಿಸಿಕೊಳ್ಳುತ್ತದೆ? ಹನ್ನೆರಡು ವರ್ಷ ಪಾಠ ಹೇಳಿದ್ದೇನೆ, ಇದನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮಣ್ಣು ಬಾಯಲ್ಲಿಟ್ಟುಕೊಂಡೇ ಬಹಳ ಹೊತ್ತು ಕೂತಿದ್ದೆ. ಶಾಲೆಗೆ ತಡವಾಯಿತು.

ಭಾನುವಾರ, ೨೮ ಫೆಬ್ರವರಿ

ಎಂಟು ದಿನ ಸೊಪ್ಪು ತಿಂದಳು. ನಮ್ಮ ಅಂಗಳದಲ್ಲೂ ಹಗ್ಗ ಕಟ್ಟಿದ್ದೇನೆ. ಪ್ರತಿ ಸಂಜೆ ಆಚೆ ನಿಂತು ಕರೆಯುತ್ತೇನೆ. ಪ್ರತಿ ಸಂಜೆ ಅವಳು ತೊಡರುತ್ತಾಳೆ, ಬೀಳದಂತೆ ಶಟ್ಟೆವ್ವ ಹಿಡಿದುಕೊಳ್ಳುತ್ತಾಳೆ. ಕಲೆ ಕರಗಿಲ್ಲ, ತುಸು ದೊಡ್ಡದಾಗಿದೆ.

ಇಂದು ಹಗ್ಗದ ಈಚೆಗೆ ಕೂತು ಅತ್ತೆ. ಕೆಂಚವ್ವ ನನ್ನ ಮೊಣಕಾಲಿಗೆ ಆತು ಕೂತಿದ್ದಳು. ಅವಳಿಗೆ ಕಾಣುವುದಿಲ್ಲವಲ್ಲ, ಹಾಗಾಗಿ ಮರೆಮಾಡುವ ಕೆಲಸವಿರಲಿಲ್ಲ. ದನಿ ಮಾಡದೆ ಅತ್ತರಾಯಿತು.

ಸೋಮವಾರ, ೧ ಮಾರ್ಚ್

ಖತಿಜಾಬಿ ನುಗ್ಗೆಸೊಪ್ಪು ಕೊಡುತ್ತ, “ಗುಣಾ ಬಂತೇನ್ರಿ?” ಎಂದಳು. ಇಲ್ಲವೆಂದೆ.

“ಹ್ಯಾಂಗ ಮಾಡತೀರಿ ನುಗ್ಗಿ ತಪ್ಪಲಾ?”

“ನೀರಾಗ ಕುದಿಸಿ.”

“ಎಣ್ಣಿ?”

“ಎಣ್ಣಿ ಹಾಕಂಗಿಲ್ಲ, ಪಥ್ಯ ಐತಿ.”

ಆಕೆ ಗೋಡೆಯ ಮೇಲೆ ಎರಡೂ ಕೈ ಊರಿದಳು. “ಅಯ್ಯ ಮಾಸ್ತರ್ರ! ಎಣ್ಣಿ ಇಲ್ಲದ ತಪ್ಪಲ ಬಾಯಾಗಿಂದ ಹೊಕ್ಕ ಹಂಗ ಹೊಂಟ ಹೋಗತೈತಿ. ಮೈಗೆ ಹತ್ತೂದಿಲ್ಲ. ಮೆಣಸಿನಕಾಯಿ ಒಗ್ಗರಣಿ ಹಾಕೂ ಮುಂದ ನೋಡೀರೇನು? ಬಣ್ಣಾ ಯಾತರಾಗ ಇಳೀತೈತಿ, ನೀರಾಗೋ ಎಣ್ಯಾಗೋ?”

ಒಳಗೆ ಬಂದು ಶಟ್ಟೆವ್ವನಿಗೆ ಹೇಳಿದೆ. ಅವಳು ಒಲೆಯ ಮೇಲೆ ಎರಡು ಸೌಟು ಇಟ್ಟಳು, ಒಂದರಲ್ಲಿ ನೀರು, ಒಂದರಲ್ಲಿ ಕುಸುಬಿ ಎಣ್ಣೆ. ಒಂದೇ ಒಣಮೆಣಸಿನಕಾಯಿಯನ್ನು ಮುರಿದು ಅರ್ಧರ್ಧ ಹಾಕಿದಳು. ನೀರು ಕೊತಕೊತ ಕುದಿಯಿತು, ಆದರೆ ನೀರಾಗಿಯೇ ಉಳಿಯಿತು. ಎಣ್ಣೆ ಬೆಚ್ಚಗಾಗುತ್ತಲೇ ಆ ತುಂಡಿನ ಅಂಚಿನಿಂದ ಕೆಂಪು ಹೊರಗೆ ಬಂತು. ಯಾರೋ ಕದ ತೆರೆದು ಹೊರಗೆ ಬಂದ ಹಾಗೆ ಬಂತು. ನೋಡನೋಡುತ್ತ ಎಣ್ಣೆಯೆಲ್ಲ ಕೆಂಪಾಯಿತು.

ಮೂವತ್ತೈದು ವರ್ಷ ದಿನಾ ಸಾರು ಉಂಡಿದ್ದೇನೆ. ಮೇಲೆ ತೇಲುವ ಆ ಕೆಂಪನ್ನು ಬೆರಳಿನಿಂದ ಸರಿಸಿದ್ದೇನೆ. ನೀರು ಕರೆದರೆ ಬಾರದ್ದು ಎಣ್ಣೆ ಕರೆದರೆ ಬರುತ್ತದೆ! ಹಾಗಾದರೆ ಸೊಪ್ಪಿನೊಳಗೂ ಅಂಥದೇನೋ ಇದೆ, ಎಣ್ಣೆ ಬರುವ ತನಕ ಎಲೆಯನ್ನು ಬಿಟ್ಟು ಕದಲುವುದಿಲ್ಲ. ಅದು ಏನು? ಹೆಸರು ಗೊತ್ತಿಲ್ಲ. ನನ್ನ ಪುಸ್ತಕದಲ್ಲಿಲ್ಲ. ಯಾವ ಪುಸ್ತಕದಲ್ಲಾದರೂ ಇದೆಯೋ ಇಲ್ಲವೋ.

“ನಿನಗೂ ಗೊತ್ತಿತ್ತೇನು?” ಎಂದು ಶಟ್ಟೆವ್ವನನ್ನು ಕೇಳಿದೆ.

“ಎಣ್ಣಿ ಇಲ್ಲದ ತಪ್ಪಲಾ ಯಾರ ಮಾಡತಾರ್ರಿ?” ಎಂದಳು. “ನೀವು ಗ್ವಾಡಿ ಮ್ಯಾಲ ಬರದಿದ್ರಿ.”

ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆಯ ಮುಂದೆ ನಿಂತೆ. ಭೇದಿಯಾದ ಆ ದಿನಗಳು ನೆನಪಾದವು. ತೊಡೆಯ ಮೇಲೆ ಮಲಗಿದ್ದ ಮಗು ಒಣಗಿದ ಹೂವಿನಷ್ಟೂ ಭಾರವಿರಲಿಲ್ಲ. ಅಳಿಸಿದರೆ ಅದು ತಿರುಗಿ ಬಂದೀತು. ಅಳಿಸದಿದ್ದರೆ ಆ ಆಕಳ ಕಣ್ಣು. ಕೊನೆಗೆ ಕಣ್ಣು ಮುಚ್ಚಿಕೊಂಡು ಗೋಡೆ ಪೂರ್ತಿ ಒರೆಸಿಬಿಟ್ಟೆ.

ಗುರುವಾರ, ೪ ಮಾರ್ಚ್

ಮೊದಲ ದಿನ ಒಂದು ಚಮಚ ಎಣ್ಣೆ. ಎರಡನೆಯ ದಿನ ಎರಡು. ಇಂದು ಎಣ್ಣೆಯಲ್ಲಿ ಬಾಡಿಸಿದ ಸೊಪ್ಪು, ಬಿಸಿರೊಟ್ಟಿ, ಮೇಲೆ ಬೆರಳುದ್ದ ಬೆಣ್ಣೆ. ಹೊಟ್ಟೆ ಕೆಟ್ಟಿಲ್ಲ. ಮಗು ಬೆರಳು ನೆಕ್ಕಿತು.

ಅವಳು ಉಣ್ಣುವುದನ್ನು ನೋಡುತ್ತ ಕೂತಿದ್ದೆ. ಬಾಯಿಗೆ ಹಾಕುವ ತನಕ ಮಾತ್ರ ನಮ್ಮ ಕೈಯಲ್ಲಿದೆ. ಗಂಟಲಿಳಿದ ಮೇಲೆ ಅಲ್ಲಿ ಯಾರು ಕೂತಿದ್ದಾರೆ? ಇದು ಎಲುಬಿಗೆ, ಇದು ರಕ್ತಕ್ಕೆ, ಇದು ಕಣ್ಣಿಗೆ ಎಂದು ಯಾರು ಹಂಚುತ್ತಾರೆ? ಕೂದಲಿಗೆ ಹೋಗಬೇಕಾದ್ದು ತಪ್ಪಿ ಉಗುರಿಗೆ ಹೋಗುವುದಿಲ್ಲ. ಅವಳು ನಿದ್ದೆ ಮಾಡಿದರೂ ಆ ಕೆಲಸ ನಿಲ್ಲುವುದಿಲ್ಲ. ಈ ಪುಟ್ಟ ಹೊಟ್ಟೆಯನ್ನು ನಾನು ಒಲೆ ಎಂದು ಕರೆದಿದ್ದೆ.

ಶನಿವಾರ, ೬ ಮಾರ್ಚ್

ಹೋಳಿ ಹುಣ್ಣಿಮೆ. ಬೆಳದಿಂಗಳಿದೆ, ಆದ್ದರಿಂದ ಹಗ್ಗವಿಲ್ಲ.

ಶುಕ್ರವಾರ, ೧೨ ಮಾರ್ಚ್

ಹಗ್ಗಕ್ಕೆ ಬಂದಳು, ತೊಡರಿದಳು. ಆದರೆ ತೊಡರುವ ಮುನ್ನ ಅರೆಗಳಿಗೆ ತಡೆದಳೇ? ನನಗೆ ಹಾಗೆ ಕಂಡಿತು. ಶಟ್ಟೆವ್ವ ಇಲ್ಲ ಎನ್ನುತ್ತಾಳೆ. ಕಂಡದ್ದೋ, ಕಾಣಬೇಕೆಂದು ಕಂಡದ್ದೋ ತಿಳಿಯದು.

ಮಂಗಳವಾರ, ೧೬ ಮಾರ್ಚ್

ಸಾಹೇಬರು ಬಂದು ಹೋದರು. ‘ಆಹಾರ’ದ ಪಾಠವನ್ನೇ ಕೇಳಿದರು. ಹಿಂದಿನ ಸಾಲಿನಿಂದ ಮತ್ತೆ ಅದೇ ದನಿ, ಕೂದಲು ಉಗುರು ಹೇಗಾಗುತ್ತವೆ ಎಂದಿತು. ಸಾಹೇಬರು ನನ್ನತ್ತ ನೋಡಿದರು. “ನನಗೆ ಗೊತ್ತಿಲ್ಲಪ್ಪಾ. ನಾನೂ ಅದನ್ನೇ ಯೋಚಿಸುತ್ತಿದ್ದೇನೆ” ಎಂದೆ. ಮಕ್ಕಳು ಬಾಯಿ ತೆರೆದು ನೋಡಿದರು. ಆಮೇಲೆ ಮಣ್ಣು, ಮೆಣಸಿನಕಾಯಿ, ಹಾಗಲ ಅಂತ ಮಾತು ಎಲ್ಲಿಗೋ ಹೋಯಿತು. ಎಲ್ಲರೂ ಒಮ್ಮೆಗೇ ಮಾತಾಡಿದರು, ಗದ್ದಲವೋ ಗದ್ದಲ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸಾಹೇಬರು ಮೇಜಿನ ಮೇಲೆ ಛಡಿ ಕಾಣದೆ ಎಲ್ಲಿ ಎಂದು ಕೇಳಿದರು. ನನಗೂ ನೆನಪಾಗಲಿಲ್ಲ. ಮನೆಗೆ ಬಂದ ಮೇಲೆ ಶಟ್ಟೆವ್ವ ತೋರಿಸಿದಳು. ಹಿತ್ತಲಲ್ಲಿ ಹೊಸದಾಗಿ ಹಾಕಿದ ಹೀರೆಬಳ್ಳಿಗೆ ಆಸರೆಯಾಗಿ ನಾನೇ ನೆಟ್ಟಿದ್ದೇನಂತೆ. ಬಳ್ಳಿ ಆಗಲೇ ಎರಡು ಸುತ್ತು ಸುತ್ತಿದೆ, ಈಗ ಕಿತ್ತರೆ ಬಳ್ಳಿ ಹರಿಯುತ್ತದೆ. ಇರಲಿ. ಸಾಹೇಬರು ‘ಶಿಸ್ತು ಸಾಲದು’ ಎಂದು ಬರೆದು ಹೋಗಿದ್ದಾರೆ.

ಸಂಜೆ ಕೆಂಚವ್ವ ಹಗ್ಗದ ಮುಂದೆ ನಿಂತಳು. ನಿಂತಳು! ಆಮೇಲೆ ಕೈಯಿಂದ ತಡವಿ ದಾಟಿದಳು.

“ಕಂಡತೇನವ್ವಾ?” ಎಂದೆ.

“ಏನೋ ಕರ್ರಗ ಇದ್ದಾಂಗ ಆತ್ರಿ. ಇಲ್ಲಿ ಇರತೈತಂತ ಗೊತ್ತೈತಲ್ರಿ ನನಗ.”

ಅದೂ ಹೌದು. ಇಪ್ಪತ್ತು ದಿನ ಒಂದೇ ಜಾಗದಲ್ಲಿ ಹಗ್ಗ ಕಟ್ಟಿದ ಮಾಸ್ತರನ ಬುದ್ಧಿಗೆ ಏನೆನ್ನಬೇಕು? ಗೊತ್ತಿದ್ದದ್ದನ್ನು ಬಾಯಿಪಾಠ ಮಾಡಿದ ಹಾಗಾಯಿತು.

ಬುಧವಾರ, ೧೭ ಮಾರ್ಚ್

ಹಜರತಸಾಬನಿಗೆ ಹೇಳಿದೆ. ಬಹಳ ನಕ್ಕ. “ಎತ್ತಿಗಿಂತ ಶ್ಯಾಣೆ ಐತಿ ಹುಡುಗಿ” ಎಂದ. ಆಮೇಲೆ, “ಹಗ್ಗಾ ಬಿಡ್ರಿ. ಯುಗಾದಿ ಚಾಂದ ತೋರಸ್ರಿ. ಎಲ್ಲಿ ಮೂಡತದ, ಯಾವಾಗ ಮೂಡತದ, ಯಾರಿಗೂ ಮೊದಲ ಗೊತ್ತಿರೂದಿಲ್ಲ. ಅದನ್ನ ಕಂಡರ ಕಣ್ಣ ಬಂದಾಂಗ” ಎಂದ. ಅವರಿಗೂ ಅಂದೇ ಹೊಸ ತಿಂಗಳಂತೆ, ಅವನೂ ಮಾಳಿಗೆ ಏರುವವನೇ.

ಬಿಸಿಲಿನಲ್ಲಿ ಕಣ್ಣು ನೋಡಿದೆ. ಕಲೆ ಸಣ್ಣದಾಗಿದೆ. ಬಿಳಿಗುಡ್ಡೆಯಲ್ಲಿ ಹಸಿ ಮಿಂಚು. ಆದರೆ ನನ್ನ ಕಣ್ಣನ್ನು ನಾನು ನಂಬುವುದಿಲ್ಲ.

ಸೋಮವಾರ, ೨೨ ಮಾರ್ಚ್, ಯುಗಾದಿ

ಬೇವು ಬೆಲ್ಲ ತಿಂದೆವು. ಸಂಜೆ ಮೂವರೂ ಮಾಳಿಗೆ ಏರಿದೆವು. ಪಡುವಣವನ್ನು ನೋಡಿ ನೋಡಿ ಕೆಂಚವ್ವ, “ಏನೂ ಇಲ್ರಿ ಅಪ್ಪಾ” ಎಂದಳು. ಇಷ್ಟೆಲ್ಲ ಮಾಡಿಯೂ ಇಲ್ಲವೇ? ಶಟ್ಟೆವ್ವ ಸೆರಗು ಬಾಯಿಗೆ ಹಿಡಿದಳು. ಹಿತ್ತಲಾಚೆಯ ಮಾಳಿಗೆಯಿಂದ ಹಜರತಸಾಬ ಕೂಗಿದ: “ಮಾಸ್ತರ್ರ, ಹಂಗ್ಯಾಕ ನಿಂತೀರಿ? ಇವತ್ತ ಯಾರಿಗೂ ಕಂಡಿಲ್ರಿ. ಊರಿಗ ಊರ ಕುರುಡ ಆಗೇತೇನು? ನಾಳಿ ನೋಡೂಣು!”

ನನಗೆ ಕಂಡಿತ್ತೇ ಎಂದು ನನ್ನನ್ನೇ ಕೇಳಿಕೊಳ್ಳಲು ಮರೆತಿದ್ದೆ. ನಾನು ಆಕಾಶವನ್ನು ನೋಡಿಯೇ ಇರಲಿಲ್ಲ. ಅವಳ ಮುಖವನ್ನು ನೋಡುತ್ತಿದ್ದೆ.

ಮಂಗಳವಾರ, ೨೩ ಮಾರ್ಚ್

ಮತ್ತೆ ಮಾಳಿಗೆ. ಹೊತ್ತು ಮುಳುಗಿ ಕೆಂಪು ಆರುತ್ತಿತ್ತು. ನಮ್ಮ ಓಣಿಯ ಮಾಳಿಗೆಗಳ ಮೇಲೆಲ್ಲ ಜನ. ಹಜರತಸಾಬ ಹುಬ್ಬಿನ ಮೇಲೆ ಅಂಗೈ ಇಟ್ಟು, “ಇನ್ನೂ ಇಲ್ರಿ, ಇನ್ನೂ ಇಲ್ರಿ” ಎನ್ನುತ್ತಿದ್ದ. ಖತಿಜಾಬಿ ಅವನ ಪಕ್ಕದಲ್ಲಿ ನಿಂತಿದ್ದಳು.

ಕೆಂಚವ್ವ ಒಮ್ಮೆಲೇ ನನ್ನ ಕೈ ಜಗ್ಗಿದಳು.

“ಅಲ್ಲೈತಿ! ಬೇವಿನ ಟೊಂಗಿ ಮ್ಯಾಲ! ಉಗುರ ಕತ್ತರಿಸಿ ಒಗದಾಂಗ ಐತಿ ನೋಡ್ರಿ!”

ಓಣಿಯೆಲ್ಲ ಅವಳ ಬೆರಳಿನತ್ತ ತಿರುಗಿತು. ಯಾರಿಗೂ ಕಾಣಲಿಲ್ಲ. ಹಜರತಸಾಬ ಬಗ್ಗಿದ, ಸರಿದ, ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಎರಡೂ ಕೈ ಮೇಲೆತ್ತಿದ.

“ಐತ್ರಿ! ಹೌದ್ರಿ, ಐತಿ! ನಲವತ್ತ ವರ್ಷ ಆತು, ನನಕಿಂತ ಮೊದಲ ಚಾಂದ ಯಾರೂ ಕಂಡಿದ್ದಿಲ್ಲ. ಹುಡುಗಿ ಸೋಲಿಸಿಬಿಡತು!”

ಒಂದೊಂದೇ ಮಾಳಿಗೆಯಿಂದ “ಕಂಡತು, ಕಂಡತು” ಎಂಬ ದನಿ ಎದ್ದಿತು. ಶಟ್ಟೆವ್ವ ಕೈಮುಗಿದಳು. ಮಣ್ಣು ಎಲೆಯಾಗಿ, ಎಲೆ ಎಣ್ಣೆಗಿಳಿದು, ಎಣ್ಣೆ ಮಗಳ ಮೈಗಿಳಿದು, ಎಲ್ಲೋ ಲಕ್ಷ ಹರಿದಾರಿ ದೂರದಲ್ಲಿರುವ ಒಂದು ಗೆರೆಯನ್ನು ಮುಟ್ಟಿ ಬಂದಿತ್ತು. ಇದು ಹೇಗಾಯಿತೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲವೆನ್ನಲು ನಾಚಿಕೆಯೂ ಆಗಲಿಲ್ಲ.

ನಾನು ಅವಳ ಬೆರಳು ಹಿಡಿದೇ ನೋಡಿದೆ. ಬೇವಿನ ಟೊಂಗೆ ಕಂಡಿತು, ಅದೂ ಕಲಸಿದ ಹಾಗೆ. ಚಂದ್ರನೆಲ್ಲಿ? ಅಷ್ಟು ಜನಕ್ಕೆ ಕಂಡದ್ದು ನನಗೇಕೆ ಕಾಣದು ಎಂದು ಗಾಬರಿಯಾಯಿತು. ಕತ್ತಲಿದೆ, ಯಾರಿಗೂ ತಿಳಿಯುವುದಿಲ್ಲವೆಂದು ಸುಮ್ಮನೆ, “ಹೌದವ್ವಾ, ಕಂಡತು” ಎಂದೆ.

ಕೆಂಚವ್ವ ತಲೆಯೆತ್ತಿ ನನ್ನ ಮುಖ ನೋಡಿದಳು.

“ಸುಳ್ಳ ಹೇಳಬ್ಯಾಡ್ರಿ ಅಪ್ಪಾ. ಮೊದಲ ಕಣ್ಣ ಒರಿಸ್ಕೋರಿ, ಆಮ್ಯಾಲ ಕಾಣತೈತಿ.”

ಒರೆಸಿಕೊಂಡೆ. ಕಂಡಿತು.